ಅಂಗಡಿ ಹೆಸರಿನ ಸುತ್ತ ಬಿಳಿ ಗೆರೆ ಯಾಕೆ ಬರುತ್ತೆ? ಪ್ರಿಂಟಿಗೆ ಕೊಡೋ ಮುಂಚೆ ಓದಿ

ಸ್ವೀಟ್ ಡಬ್ಬಿ, ಬಟ್ಟೆ ಅಂಗಡಿ ಬ್ಯಾಗು ಅಚ್ಚಾಗಿ ಬಂದ ಮೇಲೆ ಎರಡು ದೂರು ಮಾಮೂಲಿ. ‘ಹೋದ ಸಲದ ಕೆಂಪೇ ಬೇರೆ, ಈ ಸಲದ್ದೇ ಬೇರೆ’ ಅನ್ನೋದು ಒಂದು. ಅಂಗಡಿ ಹೆಸರಿನ ಸುತ್ತ ಕೂದಲೆಳೆಯಷ್ಟು ಬಿಳಿ ಗೆರೆ ಬಂದಿರೋದು ಇನ್ನೊಂದು. ಐದು ಸಾವಿರ ಡಬ್ಬಿ ಅಚ್ಚಾದ ಮೇಲೆ ಜಗಳ ಆಡಿದರೆ ದುಡ್ಡು ವಾಪಸ್ ಬರಲ್ಲ. ಎರಡನ್ನೂ ಸರಿ ಮಾಡಬೇಕಾದ್ದು ಪ್ಲೇಟ್ ಹಾಕೋ ಮುಂಚೆ.

ಮಲ್ಟಿಕಲರ್ ಅಂದ್ರೆ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಈ ನಾಲ್ಕು ಇಂಕಿನ ಸಣ್ಣ ಚುಕ್ಕಿಗಳು ಸೇರಿ ಕಾಣೋ ಬಣ್ಣ. ಒಂದು ಇಂಕು ಚೂರು ಜಾಸ್ತಿಯಾದರೂ ಬಣ್ಣ ಬದಲಾಗುತ್ತೆ. ಸ್ಪಾಟ್ ಕಲರ್ ಹಾಗಲ್ಲ. ಬೇಕಾದ ಬಣ್ಣವನ್ನ ಮೊದಲೇ ಕಲಸಿ, ಅದಕ್ಕಂತಲೇ ಒಂದು ಪ್ಲೇಟ್ ಮಾಡಿ ಹೊಡೀತಾರೆ. ಫೋಟೋ ಇಲ್ಲದೆ ಎರಡೇ ಬಣ್ಣದ ಡಿಸೈನ್ ಆದರೆ ನಾಲ್ಕು ಪ್ಲೇಟಿನ ಬದಲು ಎರಡು ಸಾಕು. ಹೊಳೆಯೋ ಗೋಲ್ಡ್, ಸಿಲ್ವರ್ ಅಂತೂ ಆ ನಾಲ್ಕು ಇಂಕಿನಲ್ಲಿ ಬರೋದೇ ಇಲ್ಲ.

ಬಣ್ಣ ಗುರುತಿಸೋಕೆ 1963ರಲ್ಲಿ ಬಂದ ಪ್ಯಾಂಟೋನ್ ನಂಬರ್ ಪದ್ಧತಿ ಇದೆ. ಮೊಬೈಲ್ ನೋಡಿ ‘ಇದೇ ಕೆಂಪು’ ಅನ್ನಬೇಡಿ, ನಂಬರ್ ಹೇಳಿ. ಪೇಪರ್ ಯಾವುದು ಅಂತಲೂ ಹೇಳಿ. ಅದೇ ಇಂಕು ನುಣುಪಾದ ಆರ್ಟ್ ಪೇಪರ್ ಮೇಲೆ ಹೊಳೆಯುತ್ತೆ, ಸಾದಾ ಪೇಪರ್ ಇಂಕನ್ನ ಹೀರಿಕೊಂಡು ಮಂಕಾಗಿ ಕಾಣುತ್ತೆ.

ಇನ್ನು ಬಿಳಿ ಗೆರೆ. ಹಳದಿ ಮೇಲೆ ಕೆಂಪು ಅಕ್ಷರ ಅಂದುಕೊಳ್ಳಿ. ಆಫ್‌ಸೆಟ್ ಇಂಕು ಪಾರದರ್ಶಕ, ಹಳದಿ ಮೇಲೇ ಹೊಡೆದರೆ ಕೆಂಪು ಬೇರೆಯದೇ ಆಗುತ್ತೆ. ಅದಕ್ಕೇ ಹಳದಿಯಲ್ಲಿ ಅಕ್ಷರದ ಆಕಾರ ಖಾಲಿ ಬಿಟ್ಟು, ಅಲ್ಲಿ ಕೆಂಪು ಕೂರಿಸ್ತಾರೆ. ತೇವಕ್ಕೆ ಪೇಪರ್ ಹಿಗ್ಗಿದರೆ ಅಥವಾ ಮಷಿನ್‌ನಲ್ಲಿ ಚೂರು ಜರುಗಿದರೆ ಎರಡರ ನಡುವೆ ಬಿಳಿ ಇಣುಕುತ್ತೆ. ಮಳೆಗಾಲದಲ್ಲಿ ಈ ಕಾಟ ಹೆಚ್ಚು.

ಇದಕ್ಕೆ ಮಾಡೋ ಉಪಾಯವೇ ಟ್ರ್ಯಾಪಿಂಗ್. ತಿಳಿ ಬಣ್ಣವನ್ನ ಗಾಢ ಬಣ್ಣದ ಕೆಳಗೆ ಸ್ವಲ್ಪ ಚಾಚಿಸ್ತಾರೆ, ಆಫ್‌ಸೆಟ್‌ನಲ್ಲಿ ಹೆಚ್ಚುಕಡಿಮೆ 0.1 ಮಿ.ಮೀ. ಬ್ಯಾಗಿನ ಸ್ಕ್ರೀನ್ ಪ್ರಿಂಟಿಂಗಿಗೆ ಇನ್ನೂ ಜಾಸ್ತಿ ಬೇಕು. ಅತಿಯಾದರೆ ನಮ್ಮ ಒತ್ತಕ್ಷರಗಳ ಅಂಚು ಕೊಳಕಾಗುತ್ತೆ. ಅದಕ್ಕೇ ವಿಳಾಸ, ಫೋನ್ ನಂಬರಿನಂಥ ಸಣ್ಣ ಅಕ್ಷರ ಕಪ್ಪಿನಲ್ಲೇ ಇರಲಿ. ಕಪ್ಪನ್ನ ಖಾಲಿ ಬಿಡದೆ ಬಣ್ಣದ ಮೇಲೇ ಹೊಡೀಬಹುದು, ಇದು ಓವರ್‌ಪ್ರಿಂಟ್. ಬಿಳಿ ಅಕ್ಷರಕ್ಕೆ ಓವರ್‌ಪ್ರಿಂಟ್ ಹಾಕಿಬಿಟ್ಟರೆ ಮಾತ್ರ ಅಕ್ಷರವೇ ಮಾಯ!

ಡಿಟಿಪಿಯವರಿಗೆ ‘ಎಷ್ಟು ಪ್ಲೇಟು? ಟ್ರ್ಯಾಪ್ ಹಾಕಿದ್ದೀರಾ?’ ಅಂತ ಕೇಳಿ. ಒಪ್ಪಿದ ಸ್ಯಾಂಪಲ್ಲಿಗೆ ಸಹಿ ಹಾಕಿ ಒಂದು ಪ್ರತಿ ಬೀರುವಿನಲ್ಲಿಡಿ. ಬಿಸಿಲಿಗೆ ಇಂಕು ಮಾಸುತ್ತೆ, ಶೋಕೇಸಿನಲ್ಲಿಟ್ಟ ಡಬ್ಬಿ ಮುಂದಿನ ಸಲ ಹೋಲಿಸೋಕೆ ಬರಲ್ಲ.