‘ಮೋಹನ ಮುರಳಿ’ಯ ಅರ್ಥವಿಚಾರ

ನಮ್ಮ ಸೀಮೆಯವರೇ ಆದ ಶ್ರೀ ಎಂ. ಗೋಪಾಲಕೃಷ್ಣ ಅಡಿಗರ ‘ಮೋಹನ ಮುರಳಿ’ ಎಂಬ ಗೀತವನ್ನು ಕೇಳದ ಕನ್ನಡಿಗರು ವಿರಳ. ಅಡಿಗರು ಬಸ್ರೂರಿಗೆ ಉತ್ತರದಲ್ಲಿರುವ ಮೊಗೇರಿಯಲ್ಲಿ 1918ರಲ್ಲಿ ಜನಿಸಿ, 1992ರಲ್ಲಿ ದಿವಂಗತರಾದರು. ‘ಚಂಡೆಮದ್ದಳೆ’ಯ (1954) ಮೂಲಕ ನವ್ಯಕಾವ್ಯಕ್ಕೆ ದಾರಿ ತೆರೆಯುವುದಕ್ಕೆ ಮುಂಚಿನ ಅವರ ಭಾವಗೀತವಿದು. ಹಾಡಿನ ಇಂಪಿಗೆ ಮನಸೋತವರು ಅನೇಕರು; ಹೊರಟವರನ್ನು ಇದು ಹರಸುವುದೋ ತಡೆಯುವುದೋ ಎಂದು ವಿಚಾರಿಸಿದವರು ಕೆಲವರು.

ಮುರಳಿಯೆಂದೊಡನೆ ವೃಂದಾವನದ ಸ್ಮರಣೆಯಾಗುವುದು ಸಹಜ. ಭಾಗವತದ ಗೋಪಿಯರು ಕೊಳಲ ದನಿಯನ್ನು ಕೇಳಿ ಮನೆಗೆಲಸವನ್ನು ಅರ್ಧಕ್ಕೆ ಬಿಟ್ಟು ಓಡಿದರು. ಊದುವವನಾರೆಂಬುದನ್ನು ಅವರು ಬಲ್ಲರು. ಅಡಿಗರ ಗೀತವಾದರೋ ‘ಯಾವ’ ಎಂಬ ಪ್ರಶ್ನೆಯಿಂದಲೇ ಮೊದಲಾಗುತ್ತದೆ. ಇಲ್ಲಿ ಕರೆಯುಂಟು, ಕರೆಯುವವನು ಕಾಣನು.

ಪ್ರೀತಿಯನ್ನು ಕವಿಯು ಹಗುರವಾಗಿ ಕಂಡಿಲ್ಲ. ಒಲಿದ ಹೃದಯದ ಸುಖವನ್ನು ಮನಸಾರೆ ಬಣ್ಣಿಸಿ, ಆ ಸುಖವೇ ಪಂಜರವೂ ಆಗಬಲ್ಲುದೆಂದು ಸೂಚಿಸುತ್ತಾರೆ. ತೃಪ್ತವಾಗಿದ್ದ ಜೀವಕ್ಕೆ ಬೇಸರವು ಎಲ್ಲಿಂದ ಬಂದಿತು? ಕಟ್ಟಿಗೆಯಲ್ಲಿ ಬೆಂಕಿಯಿರುವಂತೆ ಅದು ಒಳಗೇ ಇದ್ದಿತು. ಏನೋ ಒಂದು ಉಜ್ಜಿದೊಡನೆ ಹೊತ್ತಿಕೊಂಡಿತು. ಆದುದರಿಂದ ಹೊರಟವರೆಲ್ಲರೂ ಮನೆಯವರ ಮೇಲೆ ಮುನಿದು ಹೊರಟರೆಂದು ತಿಳಿಯಬೇಕಾದುದಿಲ್ಲ.

ಈ ಹಂಬಲವು ಬಸ್ರೂರಿಗೆ ಹೊಸತಲ್ಲ. ವಾರಾಹಿಯ ದಡದ ಈ ಹಳೆಯ ಬಂದರಿನಿಂದ ಅಕ್ಕಿಯನ್ನು ಹೊತ್ತ ಹಡಗುಗಳು ಕಡಲಾಚೆಗೆ ಹೋಗುತ್ತಿದ್ದವು. ಬಂದರಿನ ವೈಭವವು ಮುಗಿದ ಮೇಲೆಯೂ ಜನರು ಹೊರಡುವುದು ನಿಲ್ಲಲಿಲ್ಲ. ಗಂಡುಮಕ್ಕಳು ಹೋಟೆಲು ಉದ್ಯೋಗವನ್ನು ಅರಸಿ ಘಟ್ಟದ ಮೇಲಕ್ಕೂ ಮುಂಬಯಿಗೂ ಹೋದರು. ಹೆಣ್ಣುಮಕ್ಕಳಿಗೆ ಊರು ಬಿಡುವ ದಾರಿ ಬಹುಮಟ್ಟಿಗೆ ಮದುವೆಯೊಂದೇ ಆಗಿತ್ತು. ಈಗ ಅವರೂ ವಿದ್ಯೆಗಾಗಿ, ಕೆಲಸಕ್ಕಾಗಿ ದೂರದೇಶಗಳಿಗೆ ತೆರಳುತ್ತಾರೆ. ತನ್ನ ದಾರಿಯನ್ನು ತಾನೇ ಆರಿಸಬೇಕಾದ ಹುಡುಗಿಗೂ ಬಾಗಿಲಲ್ಲಿ ನಿಂತ ತಾಯಿಗೂ ಈ ಗೀತವು ಒಂದೇ ರೀತಿಯಾಗಿ ಕೇಳಿಸಲಾರದು.

ಗೀತದ ಒಂದು ಪಾದವು, ಕೈಯಲ್ಲಿರುವುದನ್ನು ತೊರೆದು ಇಲ್ಲದುದಕ್ಕೆ ಹಾತೊರೆಯುವುದನ್ನು ಕುರಿತದ್ದು. ಅಲ್ಲಿಯ ಒಂದು ಪದದ ಕೊನೆಗೆ ‘ಎ’ಕಾರವಿದೆ. ನಮ್ಮ ಭಾಷೆಯಲ್ಲಿ ಅದು ಅವಧಾರಣೆಯೂ ಆಗಬಹುದು, ಪ್ರಶ್ನೆಯೂ ಆಗಬಹುದು. ಅವಧಾರಣೆಯೆಂದರೆ, ಹಂಬಲವೇ ಬಾಳೆಂದು ಅರ್ಥ. ಪ್ರಶ್ನೆಯೆಂದರೆ, ಬಾಳೆಂಬುದು ಇಷ್ಟೆಯೋ ಎಂದು ಅರ್ಥ. ಮೊದಲಿನಿಂದಲೂ ಹಾಡು ಕೇಳುತ್ತಲೇ ಬಂದಿರುವುದರಿಂದ ನಾವು ಇದನ್ನು ಪ್ರಶ್ನೆಯೆಂದೇ ಓದುತ್ತೇವೆ. ಕರೆ ಬಂದೊಡನೆ ಓಡುವವರೂ ಕಿವಿ ಮುಚ್ಚಿಕೊಳ್ಳುವವರೂ ಸಮಾನವಾಗಿ ಪರಾಧೀನರು. ಯಾವ ಕರೆಯೆಂದು ವಿಚಾರಿಸಬಲ್ಲವರೇ ಸ್ವತಂತ್ರರು. ಹೊರಡುವೆನೆಂದ ಮಗಳೊಡನೆ ತಂದೆತಾಯಿಗಳೂ ಕುಳಿತು ಆ ವಿಚಾರವನ್ನು ಮಾಡಿದರೆ, ಅವಳು ಹೋದರೂ ನಿಂತರೂ ಅವರ ಪ್ರೀತಿಯು ಪಂಜರವಾಗದು.