ತಿಪ್ಪಣ್ಣನೆಂಬ ಹೆಸರು

ಗುಂಡಗುರ್ತಿಯ ಕಟ್ಟೆಯ ಬಳಿಯಲ್ಲಾಗಲಿ, ಸೇಡಂ ಚಿತ್ತಾಪುರಗಳ ಸಂತೆಯಲ್ಲಾಗಲಿ ನಿಂತು ‘ತಿಪ್ಪಣ್ಣಾ’ ಎಂದು ಗಟ್ಟಿಯಾಗಿ ಕೂಗಿದರೆ ಹಿರಿಯರಲ್ಲಿ ಒಬ್ಬರಾದರೂ ತಿರುಗಿ ನೋಡದೆ ಇರಲಾರರು. ತಿಪ್ಪಯ್ಯ, ತಿಪ್ಪಮ್ಮ ಎಂಬವೂ ಈ ಪ್ರಾಂತದಲ್ಲಿ ಕೇಳಿಬರುವ ಹೆಸರುಗಳೇ. ಪಟ್ಟಣವಾಸಿಗಳು ಇವನ್ನು ಕೇಳಿ ನಗುವುದುಂಟು. ತಿಪ್ಪೆಯೆಂದರೆ ಕಸ ಸಗಣಿಗಳ ರಾಶಿಯಷ್ಟೆ. ಹೆತ್ತ ಕೂಸಿಗೆ ಅದರ ಹೆಸರನ್ನಿಡುವರೆ? ಇಟ್ಟರು, ಅದೂ ಅಕ್ಕರೆಯಿಂದಲೇ ಇಟ್ಟರು. ಅದೇಕೆಂಬುದನ್ನು ವಾಚಕರಿಗೆ ಅರಿಕೆಮಾಡಬೇಕೆಂದು ನಾವು ಈ ಲೇಖನವನ್ನು ಬರೆಯಲೆಳಸಿದ್ದೇವೆ.

ಒಬ್ಬ ತಾಯಿಗೆ ಹುಟ್ಟಿದ ಮಕ್ಕಳು ಒಂದರ ಹಿಂದೊಂದು ತೊಟ್ಟಿಲಲ್ಲಿಯೇ ತೀರಿಹೋದವೆಂದಿಟ್ಟುಕೊಳ್ಳಿರಿ. ಮತ್ತೊಂದು ಕೂಸು ಹುಟ್ಟುತ್ತಲೆ ಮನೆಯ ಹಿರಿಯಳು ಅದನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಟ್ಟು ಬರುವಳು. ನೆರೆಯವಳೊಬ್ಬಳು ಅದನ್ನು ಬಿದ್ದ ಕೂಸೆಂಬಂತೆ ಎತ್ತಿಕೊಳ್ಳುವಳು. ಹೆತ್ತವಳು ಅವಳಿಗೆ ಹಿಡಿ ತೌಡನ್ನೋ ಒಂದೆರಡು ಕಾಸುಗಳನ್ನೋ ಕೊಟ್ಟು ತನ್ನ ಕೂಸನ್ನು ತಾನೇ ಕೊಂಡುಕೊಳ್ಳುವಳು. ಅಂದಿನಿಂದ ಅದು ತಿಪ್ಪೆಯಲ್ಲಿ ಸಿಕ್ಕ ಕೂಸು. ಆ ಮನೆಯ ಸ್ವತ್ತಲ್ಲ. ಮುದ್ದಿನ ಮಕ್ಕಳನ್ನು ಹುಡುಕಿಕೊಂಡು ಬರುವ ಮೃತ್ಯುವು ಈ ಕಸವನ್ನು ಕಂಡು ಹೇಸಿ ಹಿಂದಿರುಗಲೆಂಬುದು ಅವರ ಎಣಿಕೆ. ಎಲ್ಲ ಕಡೆಯಲ್ಲಿಯೂ ವಿಧಿಯು ಇಷ್ಟು ಸಾಂಗವಾಗಿ ನಡೆಯುತ್ತಿತ್ತೆಂದಲ್ಲ. ಬರಿಯ ಹೆಸರನ್ನಿಟ್ಟು ತೃಪ್ತಿಪಟ್ಟವರೂ ಉಂಟು. ಗುಂಡಪ್ಪ, ಕಲ್ಲಪ್ಪಗಳಲ್ಲಿಯೂ ಹಲವು ಇದೇ ಜಾತಿಯವು. ಗುಂಡು ಕಲ್ಲನ್ನು ಯಾರು ತಾನೆ ಕದ್ದೊಯ್ಯುವರು?

ಆದರೆ ನಮ್ಮವರು ಹೆಸರಿನ ಮೊದಲರ್ಧದಲ್ಲಿ ಕೂಸನ್ನು ಕಸಕ್ಕೆ ಎಸೆದು, ಎರಡನೆಯ ಅರ್ಧದಲ್ಲಿ ‘ಅಣ್ಣ’, ‘ಅಯ್ಯ’, ‘ಅಮ್ಮ’ ಎಂದು ಮರ್ಯಾದೆಯಿಂದ ಎತ್ತಿಕೊಂಡಿರುವುದನ್ನು ನೋಡಿದಿರಾ? ಇದಲ್ಲದೆ ಒಕ್ಕಲಿಗನಿಗೆ ತಿಪ್ಪೆಯು ಹೇಯವಾದ ವಸ್ತುವೂ ಅಲ್ಲ. ಜೋಳ ತೊಗರಿಗಳ ಹೊಲಕ್ಕೆ ಅದೇ ಗೊಬ್ಬರ. ದೀಪಾವಳಿಯಲ್ಲಿ ತಿಪ್ಪೆಗೂ ದೀಪವನ್ನಿಡುವ ಪದ್ಧತಿ ನಮ್ಮಲ್ಲುಂಟು. ಅರಮನೆಗಳಲ್ಲಿಯೂ ಈ ಹೆಸರಿಗೆ ಎಡೆಯಿತ್ತು. ವಿಜಯನಗರದ ಕೃಷ್ಣದೇವರಾಯನ ಅಣ್ಣನಾದ ವೀರನರಸಿಂಹನ ತಾಯಿ ತಿಪ್ಪಾಂಬೆ. ವಾಮನನ ಕಾವ್ಯಾಲಂಕಾರ ಸೂತ್ರಗಳಿಗೆ ‘ಕಾಮಧೇನು’ ಎಂಬ ವ್ಯಾಖ್ಯಾನವನ್ನು ಬರೆದವನು ಸಾಳುವ ವಂಶದ ಗೋಪತಿಪ್ಪ ಭೂಪಾಲ. ಚಿತ್ರದುರ್ಗದ ಸೀಮೆಯ ತಿಪ್ಪೇಸ್ವಾಮಿ, ತಿಪ್ಪೇರುದ್ರಸ್ವಾಮಿಗಳ ದಾರಿ ಮಾತ್ರ ಬೇರೆ. ಅವು ನಾಯಕನಹಟ್ಟಿಯ ಗುರುವಿನ ಮೇಲಣ ಭಕ್ತಿಯಿಂದ ಬಂದವು.

ಸೇಡಂ ಚಿಂಚೋಳಿಗಳ ಮೂಡಣ ಎಲ್ಲೆಯನ್ನು ದಾಟಿ ತೆಲಂಗಾಣಕ್ಕೆ ಹೋದರೆ ತಿಪ್ಪಣ್ಣನು ಪೆಂಟಯ್ಯನಾಗುವನು. ತೆಲುಗಿನಲ್ಲಿ ಪೆಂಟವೆಂದರೆ ತಿಪ್ಪೆಯೇ. ತಮಿಳಿನ ಕುಪ್ಪುಸ್ವಾಮಿಯು ಕುಪ್ಪೆಯಿಂದ, ಎಂದರೆ ಕಸದಿಂದ, ಬಂದವನು. ಮರಾಠಿಯ ಧೋಂಡೋ, ದಗಡೂಗಳು ಕಲ್ಲಿನ ಹೆಸರುಗಳು.

ಸಮುದ್ರದಾಚೆಗೂ ಇಂತಹ ತಾಯಂದಿರಿದ್ದಾರೆ. ಆಫ್ರಿಕಾ ಖಂಡದ ನೈಜೀರಿಯಾ ದೇಶದ ನೈಋತ್ಯ ಭಾಗದಲ್ಲಿ ಯೊರುಬಾ ಎಂಬ ದೊಡ್ಡ ಜನಾಂಗವಿದೆ. ಹುಟ್ಟಿ ಹುಟ್ಟಿ ಸಾಯುವ ಕೂಸನ್ನು ಅವರು ‘ಅಬಿಕು’ ಎನ್ನುವರು. ಒಂದೇ ಜೀವವು ತಾಯಿಯನ್ನು ಕಾಡಲು ಮರಳಿ ಮರಳಿ ಬರುವುದೆಂದು ಅವರ ಹಳೆಯ ನಂಬಿಕೆ. ಆ ಕೂಸಿಗೆ ‘ಮಾಲೊಮೊ’ ಎಂದು ಹೆಸರಿಡುವರು; ‘ಇನ್ನು ಹೋಗಬೇಡ’ ಎಂದು ಅದರ ಅರ್ಥ. ‘ದುರೊಜಾಯೆ’ ಎಂದರೆ ‘ನಿಲ್ಲು, ಬಾಳಿನ ಸುಖವನ್ನುಣ್ಣು’. ‘ಕೊಸೊಕೊ’ ಎಂದರೆ ‘ಗುದ್ದಲಿಯಿಲ್ಲ’: ಕುಣಿ ತೋಡಲು ನಮ್ಮಲ್ಲಿ ಸಾಧನವಿಲ್ಲ, ಆದುದರಿಂದ ಸಾಯಬೇಡವೆಂದು! ಈ ಕೊಸೊಕೊ ಎಂಬ ಹೆಸರಿನವನೇ 1845ರಿಂದ 1851ರ ವರೆಗೆ ಲಾಗೋಸಿನ ಅರಸನಾಗಿದ್ದನು. ನಮ್ಮ ಹೆಂಗಸು ಮೃತ್ಯುವಿನ ಕಣ್ಣಿಗೆ ಮಣ್ಣೆರಚಲು ನೋಡಿದಳು. ಯೊರುಬಾ ತಾಯಿಯು ಕೂಸಿನೊಡನೆಯೇ ಮಾತಾಡಿ ಬೇಡಿಕೊಂಡಳು. ಎರಡರಲ್ಲಿ ಹೆಚ್ಚು ಕರುಳು ಹಿಂಡುವುದು ಎರಡನೆಯದೆಂದು ನಮಗೆ ತೋರುತ್ತದೆ.

ಇದೆಲ್ಲ ಮೌಢ್ಯವೆಂದು ತಳ್ಳಿಬಿಡುವುದು ಸುಲಭ. ಔಷಧ ಸಿಕ್ಕುವ ಕಡೆ ಹೆಸರನ್ನು ನಂಬಿ ಕೂಡುವುದು ಮೌಢ್ಯವೇ ಸರಿ. ಆದರೆ ಔಷಧವೂ ಇಲ್ಲದ, ವೈದ್ಯನೂ ಇಲ್ಲದ ಹಳ್ಳಿಯಲ್ಲಿ ಸಿಡುಬು, ವಾಂತಿಭೇದಿ, ಬಾಣಂತಿಯ ಕೋಣೆಯ ನಂಜು ಇವುಗಳ ಎದುರಿಗೆ ಆಕೆಯ ಕೈಯಲ್ಲಿದ್ದುದಾದರೂ ಏನು? 1971ರಲ್ಲಿ ಕೂಡ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ ಸುಮಾರು 129 ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಸಿಡುಬಿನ ನಿರ್ಮೂಲವು 1977ರಲ್ಲಿ ಘೋಷಿತವಾಯಿತು. ಎಲ್ಲ ಶಿಶುಗಳಿಗೂ ಲಸಿಕೆ ಹಾಕುವ ಕಾರ್ಯಕ್ರಮವು 1985ರಲ್ಲಿ ಮೊದಲಾಯಿತು. 2020ರ ಹೊತ್ತಿಗೆ ಆ ಸಂಖ್ಯೆಯು 28ಕ್ಕೆ ಇಳಿಯಿತು. ತೊಟ್ಟಿಲ ಭಯವು ತಗ್ಗಿದಂತೆ ಆ ಹೆಸರನ್ನಿಡುವ ಕಾರಣವೂ ಕರಗಿತು. ಈಗ ಕೂಸಿಗೆ ತಿಪ್ಪಣ್ಣನೆಂದು ಹೆಸರಿಡುವುದಾದರೆ ಅದು ಬಹುಮಟ್ಟಿಗೆ ಅಜ್ಜನ ಹೆಸರನ್ನು ಉಳಿಸುವುದಕ್ಕೇ. ಯೊರುಬಾ ಜನರೂ ಅಜ್ಜ ತೀರಿದ ಬಳಿಕ ಹುಟ್ಟಿದ ಗಂಡುಮಗುವಿಗೆ ‘ಬಾಬಾತುಂದೆ’, ಎಂದರೆ ‘ತಂದೆ ಮರಳಿ ಬಂದನು’, ಎಂದು ಹೆಸರಿಡುವರು.

ಇನ್ನೊಂದು ಮಾತು. ಜನನ ಮರಣಗಳ ನೋಂದಣಿಯ ಕಾಯಿದೆಯು ದೇಶಕ್ಕೆಲ್ಲ ಒಂದಾಗಿ ಬಂದುದು 1969ರಲ್ಲಿ. ಅದಕ್ಕಿಂತ ಮೊದಲು, ಈ ಸೀಮೆಯು 1948ರ ವರೆಗೆ ನಿಜಾಮನ ಸಂಸ್ಥಾನದಲ್ಲಿದ್ದ ಕಾಲದಲ್ಲಿ, ಹಳ್ಳಿಯ ಮನೆಯಲ್ಲಿ ಹುಟ್ಟಿ ವಾರದೊಳಗೆ ಕಣ್ಮುಚ್ಚಿದ ಕೂಸನ್ನು ಯಾರು ಬರೆದಿಟ್ಟರು? ಹೆಸರಿಡುವ ಮೊದಲೇ ಹೋದ ಅಂತಹ ಅಕ್ಕ ಅಣ್ಣಂದಿರ ಗುರುತಾಗಿ ಎಷ್ಟೋ ಮನೆಗಳಲ್ಲಿ ಉಳಿದಿರುವುದು ತಿಪ್ಪಣ್ಣನೆಂಬ ಹೆಸರೊಂದೇ. ನಿಮ್ಮ ಮನೆತನದಲ್ಲಿ ಆ ಹೆಸರಿನ ಹಿರಿಯರಿದ್ದರೆ, ಅವರಿಗಿಂತ ಮುಂಚೆ ಎಷ್ಟು ಮಕ್ಕಳಾಗಿದ್ದವೆಂದು ಮನೆಯ ಮುದುಕಿಯನ್ನು ಕೇಳಿ ನೋಡಿರಿ. ಆಕೆಯು ಬೆರಳೆಣಿಸಿ ಹೇಳುವಳು.