ಬೀಗವೊಂದೇ ಸಾಲದು

ಹಾವೇರಿಯ ಕಚೇರಿಯಿರಲಿ, ರಾಣೆಬೆನ್ನೂರಿನ ಅಂಗಡಿಯಿರಲಿ, ಸಂಜೆ ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದರೆ ನಮಗೆ ಸಮಾಧಾನ. ಆದರೆ ಕಳ್ಳನು ಬಾಗಿಲಿನಿಂದಲೇ ಬರಬೇಕೆಂಬ ನೇಮವಿಲ್ಲ.

ನೆರೆಯ ದಾವಣಗೆರೆ ಜಿಲ್ಲೆಯ ನ್ಯಾಮತಿಯಲ್ಲಿ 2024ರ ಅಕ್ಟೋಬರಿನಲ್ಲಿ ನಡೆದುದನ್ನು ನೆನೆಯಿರಿ. ಕಳ್ಳರು ಬ್ಯಾಂಕಿನ ಕಿಟಕಿಯ ಸರಳು ಕತ್ತರಿಸಿ ಒಳಹೊಕ್ಕು, ಗ್ಯಾಸ್ ಕಟರಿನಿಂದ ತಿಜೋರಿ ಕೊರೆದು, ಜನರು ಅಡವಿಟ್ಟಿದ್ದ 17 ಕಿಲೋಗೂ ಮಿಕ್ಕ ಚಿನ್ನ ಒಯ್ದರು. ಕ್ಯಾಮೆರಾದ ಚಿತ್ರಗಳು ದಾಖಲಾಗುವ ಪೆಟ್ಟಿಗೆಯನ್ನೂ ಬಿಡಲಿಲ್ಲ; ಸುಳಿವು ಸಿಗದಿರಲೆಂದು ನೆಲಕ್ಕೆಲ್ಲ ಖಾರದ ಪುಡಿ ಎರಚಿದರು. ಬಹುಪಾಲು ಚಿನ್ನ ತಮಿಳುನಾಡಿನ ಬಾವಿಯೊಂದರಲ್ಲಿ ಸಿಕ್ಕಿತು. ಅದೂ ಐದು ತಿಂಗಳ ಮೇಲೆ.

ಆದ್ದರಿಂದ ಬಾಗಿಲಿನಷ್ಟೇ ಭದ್ರವಾಗಿ ಕಿಟಕಿಯೂ ಇರಲಿ, ಅಲ್ಲಿಗೂ ಎಚ್ಚರಿಕೆಯ ಗಂಟೆ ಇರಲಿ. ಕ್ಯಾಮೆರಾದ ಪೆಟ್ಟಿಗೆ ಬೇರೆ ಕೋಣೆಯಲ್ಲಿ ಬೀಗದೊಳಗಿರಲಿ. ಚಿತ್ರಗಳ ಪ್ರತಿ ಹೊರಗೂ ಉಳಿಯಲಿ. ಕಂಪ್ಯೂಟರು, ತೂಕದ ಯಂತ್ರ ಮೊದಲಾದವುಗಳ ಕ್ರಮಸಂಖ್ಯೆ ಬರೆದು ಮನೆಯಲ್ಲಿಡಿ. ಆ ಸಂಖ್ಯೆಯಿಲ್ಲದಿದ್ದರೆ, ಪೊಲೀಸರಿಗೆ ಮಾಲು ಸಿಕ್ಕರೂ ಅದು ನಿಮ್ಮದೆಂದು ತೋರಿಸುವುದು ಕಷ್ಟ.

ಬ್ಯಾಡಗಿಯ ಮೆಣಸಿನಕಾಯಿ ದಲಾಲರಿಗೆ ಇನ್ನೊಂದು ಮಾತು. ಕಂಪ್ಯೂಟರು ಹೋದರೆ ಹೊಸದು ತರಬಹುದು. ಅದರೊಳಗಿದ್ದ ರೈತರ ಬಾಕಿ ಲೆಕ್ಕವನ್ನು ಎಲ್ಲಿಂದ ತರುವಿರಿ? ದಿನವೂ ಅದರ ಪ್ರತಿ ತೆಗೆದು ಬೇರೆಡೆ ಇಡಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು?